ಸೈರನ್ ಹಾಕಿ ಓಡುವ ಗಾಡಿಗೆ ಸ್ಕ್ರೀನ್ ವಿನ್ಯಾಸ ಮಾಡುವುದು ಹೇಗೆ

ಆಂಬುಲೆನ್ಸ್ ಆಗಲಿ, ಅಗ್ನಿಶಾಮಕ ವಾಹನವಾಗಲಿ, ಪೊಲೀಸ್ ಗಸ್ತು ಗಾಡಿಯಾಗಲಿ, ಸ್ಕ್ರೀನ್ ನೋಡುವವರು ಯಾವ ಸೀಟಿನಲ್ಲಿ ಕೂತಿರುತ್ತಾರೆ ಅನ್ನುವುದನ್ನು ನಾನು ಮೊದಲು ಬರೆದುಕೊಳ್ಳುತ್ತೇನೆ. ಓಡಿಸುವವರಿಗೆ ಬೇಕಾದದ್ದು ಮುಂದಿನ ತಿರುವು. ಪಕ್ಕದಲ್ಲಿರುವವರಿಗೆ ವಿಳಾಸ, ಕರೆ ಮಾಡಿದವರು ಹೇಳಿದ್ದು, ಅಲ್ಲೇನಾದರೂ ಅಪಾಯ ಇದೆಯೇ ಎಂಬುದು. ಹಿಂದೆ ರೋಗಿಯ ಜೊತೆ ಇರುವವರಿಗೆ ಆಸ್ಪತ್ರೆ ಇನ್ನೆಷ್ಟು ನಿಮಿಷ ಎಂಬುದು. ಮೂವರಿಗೂ ಒಂದೇ ಪರದೆ ಕೊಟ್ಟರೆ ಮೂವರೂ ಹುಡುಕುತ್ತಾ ಕೂರಬೇಕು.

ಗಂಟೆಗೆ 80 ಕಿ.ಮೀ. ವೇಗದ ಗಾಡಿ 2 ಸೆಕೆಂಡಿನಲ್ಲಿ ಸುಮಾರು 44 ಮೀಟರ್ ದಾಟಿರುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2013ರಲ್ಲಿ ಕಾರುಗಳ ಸ್ಕ್ರೀನಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ನೋಟಕ್ಕೆ 2 ಸೆಕೆಂಡ್, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್ ಎಂಬ ಮಿತಿ ಇದೆ. ತುರ್ತು ವಾಹನಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ನಾನು ಆ ಮಿತಿಯನ್ನೇ ಹಿಡಿದು ಕೆಲಸ ಮಾಡುತ್ತೇನೆ. ಸೈರನ್ ಹಾಕಿದ ಮಾತ್ರಕ್ಕೆ ಡ್ರೈವರ್ ಕಣ್ಣು ಚುರುಕಾಗುವುದಿಲ್ಲ. ಎದುರಿಗಿರುವ ಗಾಡಿಗಳು ಯಾವ ಕಡೆ ಸರಿಯುತ್ತವೋ ಗೊತ್ತಿಲ್ಲದೆ ರಸ್ತೆಯ ಮೇಲೆ ಇನ್ನೂ ಹೆಚ್ಚು ಗಮನ ಬೇಕಾಗುತ್ತದೆ.

ಗಾಡಿ ಚಲಿಸುತ್ತಿರುವಾಗ ಡ್ರೈವರ್ ಕಡೆಯ ಪರದೆಯಲ್ಲಿ ಟೈಪ್ ಮಾಡುವುದನ್ನೂ ಉದ್ದದ ಪಟ್ಟಿಗಳನ್ನೂ ತೆಗೆದುಬಿಡಿ. ಆದರೆ ವೇಗ ನೋಡಿ ಇಡೀ ಟ್ಯಾಬ್ಲೆಟ್‌ಗೆ ಬೀಗ ಹಾಕಬೇಡಿ. ಪಕ್ಕದಲ್ಲಿ ಕೂತವರಿಗೂ ಬಾಗಿಲು ಮುಚ್ಚಿದರೆ ಅವರು ಸ್ವಂತ ಫೋನ್ ತೆಗೆದು ಅದರಲ್ಲಿ ದಾರಿ ಹುಡುಕುತ್ತಾರೆ. ಆಮೇಲೆ ಕಂಟ್ರೋಲ್ ರೂಮ್ ಕಳಿಸುವ ತಿದ್ದುಪಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಬ್ಬರೇ ಇರುವ ಗಸ್ತು ಗಾಡಿಯಲ್ಲಿ ಓದಬೇಕಾದದ್ದನ್ನು ಧ್ವನಿಯಲ್ಲಿ ಕೇಳಿಸಿ, ಅದೂ ವೈರ್‌ಲೆಸ್‌ನಲ್ಲಿ ಯಾರೂ ಮಾತಾಡದ ಹೊತ್ತು ನೋಡಿಕೊಂಡು.

ಹೆಚ್ಚು ಸಮಯ ಕೊಡಬೇಕಾದದ್ದು ಕರೆಯ ವಿವರ ತೋರಿಸುವ ಪರದೆಗೆ. ಡೇಟಾಬೇಸ್‌ನಲ್ಲಿ ಇರುವ ಕ್ರಮದಲ್ಲೇ ಸುರಿದರೆ ಮೊದಲು ಘಟನೆ ಸಂಖ್ಯೆ, ಆಮೇಲೆ ದಿನಾಂಕ, ಆಮೇಲೆ ಕರೆ ಸ್ವೀಕರಿಸಿದವರ ಗುರುತು, ಎಂಟನೇ ಸಾಲಿನಲ್ಲಿ ವಿಳಾಸ. ನಾನು ಹೀಗೆ ಇಡುತ್ತೇನೆ:

ಎದೆನೋವು. ಗಂಡಸು, 58. ಪ್ರಜ್ಞೆ ಇದೆ.
ಮನೆ 27, 3ನೇ ಮಹಡಿ. ಲಿಫ್ಟ್ ಇಲ್ಲ.
ಹಿಂದಿನ ಗೇಟಿನಿಂದ ಬನ್ನಿ.

‘ಲಿಫ್ಟ್ ಇಲ್ಲ’ ಅನ್ನುವ ಎರಡು ಪದ ಗಾಡಿಯಿಂದ ಇಳಿಯುವ ಮುಂಚೆ ಕಂಡರೆ, ರೋಗಿಯನ್ನು ಮೆಟ್ಟಿಲಲ್ಲಿ ಇಳಿಸುವ ಕುರ್ಚಿಯನ್ನು ಆಗಲೇ ಎತ್ತಿಕೊಂಡು ಹೊರಡುತ್ತಾರೆ. ಮೂರನೇ ಮಹಡಿ ತಲುಪಿದ ಮೇಲೆ ಗೊತ್ತಾದರೆ ಒಬ್ಬರು ವಾಪಸ್ ಇಳಿದು ಬರಬೇಕು. ಅಗ್ನಿಶಾಮಕ ದಳಕ್ಕಾದರೆ ಆ ಜಾಗದಲ್ಲಿ ಹತ್ತಿರದ ನೀರಿನ ಮೂಲ, ಒಳಗಿರುವ ಗ್ಯಾಸ್ ಸಿಲಿಂಡರು. ಟ್ಯಾಂಕರ್ ಉರುಳಿದ್ದರೆ ಯುಎನ್ ಸಂಖ್ಯೆ, ಅಂದರೆ ಅಪಾಯಕಾರಿ ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ: 1203 ಎಂದು ತೋರಿಸಿ, ಪಕ್ಕದಲ್ಲೇ ‘ಪೆಟ್ರೋಲ್’ ಎಂದೂ ಬರೆಯಿರಿ. ಸಂಖ್ಯೆ ನೆನಪಿರುವವರಿಗೂ ಆ ಗಡಿಬಿಡಿಯಲ್ಲಿ ಹೆಸರು ಕಂಡರೆ ಒಳ್ಳೆಯದು.

ದಾರಿಯಲ್ಲಿರುವಾಗ ವಿಳಾಸ ಬದಲಾದರೆ ಹಳೆಯದನ್ನು ಸದ್ದಿಲ್ಲದೆ ಅಳಿಸಿ ಹೊಸದನ್ನು ಕೂರಿಸಬೇಡಿ. 27 ಇದ್ದದ್ದು 72 ಆಗಿದೆ ಅಂದುಕೊಳ್ಳಿ. ಮೊದಲನೆಯದನ್ನು ಓದಿ ಮುಗಿಸಿದವರು ಮತ್ತೆ ಆ ಸಾಲು ನೋಡುವುದೇ ಇಲ್ಲ. ಹಳೆಯದರ ಮೇಲೆ ಗೆರೆ ಎಳೆದು ಹೊಸದನ್ನು ಕೆಳಗೆ ತೋರಿಸಿ, ಒಮ್ಮೆ ಧ್ವನಿಯಲ್ಲೂ ಹೇಳಿಸಿ, ಯಾರಾದರೂ ಮುಟ್ಟಿ ‘ನೋಡಿದೆವು’ ಅನ್ನುವವರೆಗೂ ಹಾಗೇ ಇರಲಿ. ಹಾಗೆಯೇ, ಕರೆ ಮಾಡಿದವರ ಫೋನಿನಿಂದ ಬಂದ ಸ್ಥಳ 200 ಮೀಟರ್ ಆಚೀಚೆ ಇರಬಹುದಾದರೆ ನಕ್ಷೆಯಲ್ಲಿ ಆ ಅಳತೆಯ ವೃತ್ತವನ್ನೇ ಬಿಡಿಸಿ. ಚೂಪಾದ ಪಿನ್ ಕಂಡರೆ ಸಿಬ್ಬಂದಿ ಅದನ್ನೇ ನಂಬಿ ತಪ್ಪು ಮನೆಯ ಬಾಗಿಲು ಬಡಿಯುತ್ತಾರೆ.

‘ಹೊರಟೆವು’, ‘ತಲುಪಿದೆವು’, ‘ರೋಗಿ ಗಾಡಿಯಲ್ಲಿ’, ‘ಆಸ್ಪತ್ರೆ ತಲುಪಿದೆವು’: ಈ ಬಟನ್‌ಗಳ ಜಾಗ ಎಂದೂ ಬದಲಾಗಬಾರದು, ಮುಂದೆ ಒತ್ತಬೇಕಾದದ್ದು ಮಾತ್ರ ಬೆಳಗಿರಲಿ. ಬಟನ್ ಕನಿಷ್ಠ ಇಷ್ಟಿರಲಿ ಎಂದು ಆಂಡ್ರಾಯ್ಡ್ ಹೇಳುವ 48 ಡಿಪಿ (ಪರದೆಯ ಮೇಲಿನ ಗಾತ್ರದ ಅಳತೆ) ಅಂದರೆ ಸುಮಾರು 9 ಮಿಲಿಮೀಟರ್. ಕೈಯಲ್ಲಿ ಹಿಡಿದ ಫೋನಿಗೆ ಅದು ಸರಿ, ಗುಂಡಿ ಬಿದ್ದ ರಸ್ತೆಯಲ್ಲಿ ಗ್ಲೌಸ್ ಹಾಕಿದ ಬೆರಳಿಗೆ ಸಾಲದು. ನಾನು 20 ಮಿಲಿಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ, ಬೇರೆ ಬೆರಳುಗಳನ್ನು ಚೌಕಟ್ಟಿನ ಮೇಲೆ ಊರಿಕೊಂಡು ಹೆಬ್ಬೆರಳಿನಲ್ಲಿ ಒತ್ತುವಂತೆ ಅಂಚಿಗೆ ಇಡುತ್ತೇನೆ. ‘ಖಚಿತವೇ?’ ಎಂದು ಕೇಳುವ ಪೆಟ್ಟಿಗೆ ಬೇಡ; ತಪ್ಪಿ ಒತ್ತಿದರೆ ಹಿಂದಕ್ಕೆ ಪಡೆಯಲು ಕೆಲವು ಸೆಕೆಂಡ್ ಕೊಡಿ. ಜಿಪಿಎಸ್ ನೋಡಿ ತಾನಾಗಿ ‘ತಲುಪಿದೆವು’ ಎಂದು ದಾಖಲಿಸುವಾಗಲೂ ಎಚ್ಚರ ಇರಲಿ: ಗಾಡಿ ಗೇಟಿನ ಮುಂದೆ ನಿಂತ ಸಮಯವೂ ರೋಗಿಯ ಪಕ್ಕ ಕೂತ ಸಮಯವೂ ಬೇರೆ ಬೇರೆ.

ಬೆಳಕಿನ ವಿಷಯಕ್ಕೆ ಬಂದರೆ, ನೇರ ಬಿಸಿಲು ಸುಮಾರು 1,00,000 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ಅದರೆದುರು 400 ನಿಟ್ಸ್‌ನ (ಪರದೆಯ ಹೊಳಪಿನ ಅಳತೆ) ಸಾಮಾನ್ಯ ಟ್ಯಾಬ್ಲೆಟ್ ಕನ್ನಡಿಯಾಗುತ್ತದೆ. 1,000 ನಿಟ್ಸ್ ಆದರೂ ಇರಲಿ. ರಾತ್ರಿ ಇದರ ತಿರುಗಾಮುರುಗಾ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಂದು ಬಿಳಿ ಪಾಪ್‌ಅಪ್ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಗಸ್ತು ಗಾಡಿಗೆ ಪರದೆಯನ್ನು ಪೂರ್ತಿ ಆರಿಸುವ ನಿಜವಾದ ಬಟನ್ ಬೇಕೇಬೇಕು, ಏಕೆಂದರೆ ಅನುಮಾನದ ಮನೆಯ ಹತ್ತಿರ ಹೋಗುವಾಗ ಒಳಗೆ ಕೂತವರ ಮುಖ ಬೆಳಗಬಾರದು. ಬಣ್ಣ ಒಂದನ್ನೇ ನಂಬಬೇಡಿ, ಕೆಂಪು ಹಸಿರು ಬೇರೆ ಮಾಡಲಾಗದವರು ಪ್ರತಿ ತಂಡದಲ್ಲೂ ಇರಬಹುದು. ಆಕಾರವೂ ಪದವೂ ಜೊತೆಗಿರಲಿ.

ನೆಟ್‌ವರ್ಕ್ ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕಟ್ಟಿ. ನಕ್ಷೆ, ಕಟ್ಟಡದ ಟಿಪ್ಪಣಿ ಗಾಡಿಯಲ್ಲೇ ಉಳಿದಿರಲಿ. ಇನ್ನೊಂದು ಗಾಡಿ ಎಲ್ಲಿದೆ ಎಂದು ತೋರಿಸುವಾಗ ‘4 ನಿಮಿಷದ ಹಿಂದೆ’ ಎಂದೂ ತೋರಿಸಿ. ಒತ್ತಿದ ಸ್ಥಿತಿ ಕಂಟ್ರೋಲ್ ರೂಮ್ ಮುಟ್ಟಿಲ್ಲವಾದರೆ ‘ಕಾಯುತ್ತಿದೆ’ ಎಂದು ಇರಬೇಕು, ಹಸಿರು ಟಿಕ್ ಬರಬಾರದು.

ಗಾಡಿಯಿಂದ ಇಳಿದ ಮೇಲೆ ಅದೇ ಕರೆ ಫೋನಿನಲ್ಲಿ ತಾನಾಗಿ ತೆರೆದಿರಲಿ. ಒಂದು ಕೈಯಲ್ಲಿ ಬ್ಯಾಗ್, ಮುಖಕ್ಕೆ ಮಾಸ್ಕ್; ಬೆರಳಚ್ಚೂ ಮುಖ ಗುರುತೂ ಕೈಕೊಡುತ್ತವೆ. ರೋಗಿಯ ವಿವರ ಇರುವುದರಿಂದ ಬೀಗವಂತೂ ಬೇಕು. ಐಡಿ ಕಾರ್ಡ್ ತಾಗಿಸಿದರೆ ತೆರೆಯುವಂತೆ ಮಾಡಿ.

ಸ್ಕ್ರೀನನ್ನು ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಮಾತ್ರ ಕೂರಿಸಬೇಡಿ, ವಿನ್ಯಾಸ ಎಷ್ಟು ಚೆನ್ನಾಗಿದ್ದರೂ.

ಪರೀಕ್ಷೆಗೆ ದುಬಾರಿ ಸಲಕರಣೆ ಬೇಕಿಲ್ಲ. ಪರದೆಯ ಚಿತ್ರವನ್ನು ಒಂದೂವರೆ ಸೆಕೆಂಡ್ ತೋರಿಸಿ, ಮುಚ್ಚಿ, ಮನೆ ಸಂಖ್ಯೆ ಎಷ್ಟು ಎಂದು ಕೇಳಿ. ಆಮೇಲೆ ರಾತ್ರಿ ಪಾಳಿ ಮುಗಿಸಿ ಬಂದವರಿಗೆ, ಅವರದೇ ಗ್ಲೌಸ್ ಹಾಕಿಸಿ, ಇಂಜಿನ್ ಚಾಲೂ ಇಟ್ಟು, ವೈರ್‌ಲೆಸ್ ಹಚ್ಚಿ ತೋರಿಸಿ. ಹಾಗೆ ಹೋದಾಗ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿರುವ ಚೀಟಿಗಳ ಫೋಟೊ ತೆಗೆದುಕೊಂಡು ಬನ್ನಿ. ಆಸ್ಪತ್ರೆಯ ತುರ್ತು ವಿಭಾಗದ ಫೋನ್ ನಂಬರ್, ರಾತ್ರಿ ತೆರೆದಿರುವ ಗೇಟು ಯಾವುದು, ಇಂಥವು ಇರುತ್ತವೆ. ಅವನ್ನೆಲ್ಲ ಸ್ಕ್ರೀನಿನಲ್ಲಿ ಒಂದೇ ಒತ್ತಿಗೆ ಸಿಗುವಂತೆ ಸೇರಿಸಿ, ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ ಚೀಟಿಗಳು ಇನ್ನೂ ಅಲ್ಲೇ ಇವೆಯೇ ನೋಡಿ.