ಥೈರಾಯ್ಡ್ ಮಾತ್ರೆ ಬಿಡುವ ಮುಂಚೆ ಇಷ್ಟು ಮಾಡಿ

ಎರಡು ವರ್ಷದ ಹಿಂದೆ ಜಯನಗರದ ನಮ್ಮ ಅಕ್ಕ, ರಿಪೋರ್ಟ್ ನಾರ್ಮಲ್ ಬಂತು ಅಂತ, ಜಾಸ್ತಿ ಕೆಲಸ ಮಾಡುವ ಥೈರಾಯ್ಡ್ ಗ್ರಂಥಿಯನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆಯನ್ನು ತಾನೇ ನಿಲ್ಲಿಸಿಬಿಟ್ಟಳು. ಎರಡು ತಿಂಗಳು ಕಳೆದಿರಬೇಕು. ಅವಳು ಕಾಫಿ ತಂದಾಗ ಲೋಟ ಡಬರಿಗೆ ಬಡಿದು ಟಕಟಕ ಸದ್ದು ಮಾಡುತ್ತಿತ್ತು, ಕೈ ಅಷ್ಟು ನಡುಗುತ್ತಿತ್ತು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಬೇಕು, ಒಂದು ಮಹಡಿ ಹತ್ತಿದರೆ ಎದೆ ಡಬಡಬ. ಚಿಕಿತ್ಸೆ ಮತ್ತೆ ಮೊದಲಿನಿಂದ ಶುರುವಾಯಿತು.

ಮೊದಲು ನಿಮ್ಮದು ಯಾವ ಥೈರಾಯ್ಡ್ ಅಂತ ತಿಳಿದುಕೊಳ್ಳಿ. ನಮ್ಮ ಸುತ್ತಮುತ್ತ ‘ಥೈರಾಯ್ಡ್ ಇದೆ’ ಅನ್ನುವ ಬಹಳ ಜನರಿಗೆ ಗ್ರಂಥಿ ಕಡಿಮೆ ಕೆಲಸ ಮಾಡುತ್ತಿರುತ್ತದೆ. ಅವರು ನುಂಗುವುದು ಕೊರತೆಯಾದ ಹಾರ್ಮೋನನ್ನು ತುಂಬುವ ಥೈರಾಕ್ಸಿನ್, ಅವರ ಸಲಹೆ ನಿಮಗೆ ಹೊಂದುವುದಿಲ್ಲ. ಗ್ರಂಥಿ ಜಾಸ್ತಿ ಕೆಲಸ ಮಾಡುವುದಕ್ಕೆ ಗ್ರೇವ್ಸ್ ಕಾಯಿಲೆ (ದೇಹದ ಪ್ರತಿಕಾಯಗಳೇ ಗ್ರಂಥಿಯನ್ನು ಕೆರಳಿಸುವುದು) ಕಾರಣವಾದರೆ, ಸಾಮಾನ್ಯವಾಗಿ 12ರಿಂದ 18 ತಿಂಗಳ ನಂತರ ಮಾತ್ರೆ ನಿಲ್ಲಿಸಿ ನೋಡಬಹುದು. ಗ್ರಂಥಿಯಲ್ಲಿನ ಗಂಟಿನಿಂದ ಬಂದಿದ್ದರೆ ಮಾತ್ರೆ ಬಿಟ್ಟ ಮೇಲೆ ಅದು ವಾಪಸ್ ಬರುವುದೇ ಹೆಚ್ಚು. ಅದಕ್ಕೆ ರೇಡಿಯೋ ಅಯೋಡಿನ್ ಅಥವಾ ಆಪರೇಷನ್ ಬಗ್ಗೆ ಮಾತಾಡಬೇಕಾಗುತ್ತದೆ.

ಆಮೇಲೆ ರಕ್ತ ಪರೀಕ್ಷೆ. ಅಕ್ಕ ಎಡವಿದ್ದು ಇಲ್ಲೇ. ಮಾತ್ರೆ ನುಂಗುತ್ತಿರುವಾಗ, ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಟಿಎಸ್‌ಎಚ್ ನಾರ್ಮಲ್ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ, ಕಾಯಿಲೆ ಹೋಯಿತು ಅಂತ ಅಲ್ಲ. ಗ್ರಂಥಿಯನ್ನು ಕೆರಳಿಸುವ ಪ್ರತಿಕಾಯ ಇನ್ನೂ ಇದೆಯಾ ಅಂತ ಹೇಳುವುದು ಟಿಆರ್‌ಎಬಿ ಪರೀಕ್ಷೆ. ಡಾಕ್ಟರ್ ಬರೆದಿಲ್ಲ ಅಂದರೆ ಬಾಯಿಬಿಟ್ಟು ಕೇಳಿ. ಅದು ಜಾಸ್ತಿ ಬಂದರೆ ನಿಲ್ಲಿಸುವುದಕ್ಕೆ ಇನ್ನೂ ಕಾಲ ಬಂದಿಲ್ಲ. ಕೂದಲು ಉದುರುತ್ತೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತಿನ್ನುತ್ತಿದ್ದರೆ ಅದನ್ನೂ ಮುಂಚೆಯೇ ಹೇಳಿ. ಅದು ರಿಪೋರ್ಟನ್ನೇ ತಪ್ಪು ತೋರಿಸಬಹುದು, ಹಾಗಾಗಿ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಬಿಡಲು ಹೇಳುತ್ತಾರೆ.

ಡೋಸ್ ಇಳಿಸುವುದು ಡಾಕ್ಟರ್ ಕೆಲಸ. 20 ಮಿಲಿಗ್ರಾಂನಿಂದ 10, ಅಲ್ಲಿಂದ 5, ಹೀಗೆ ವಾರಗಟ್ಟಲೆ ಅಂತರ ಕೊಟ್ಟು, ನಡುವೆ ರಕ್ತ ನೋಡಿ ಇಳಿಸುತ್ತಾರೆ. ಎದೆಬಡಿತಕ್ಕೆ ಪ್ರೊಪ್ರನಲಾಲ್ ಕೊಟ್ಟಿದ್ದರೆ ಅದನ್ನೂ ಒಂದೇ ದಿನ ಬಿಡಬೇಡಿ.

ನಿಲ್ಲಿಸಿದ ಮೇಲೇ ನಿಜವಾದ ಎಚ್ಚರ ಬೇಕು. ಗ್ರೇವ್ಸ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಅದು ಮರಳಿ ಬರುತ್ತದೆ, ಅದೂ ಹೆಚ್ಚಾಗಿ ಮೊದಲ ವರ್ಷದಲ್ಲೇ. ನಾಲ್ಕರಿಂದ ಆರು ವಾರಕ್ಕೆ ಒಂದು ಪರೀಕ್ಷೆ, ಆಮೇಲೆ ಮೊದಲ ವರ್ಷ ಎರಡು ಮೂರು ತಿಂಗಳಿಗೊಮ್ಮೆ. ಬೆಳಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ, ಗೋಡೆ ಗಡಿಯಾರ ನೋಡಿಕೊಂಡು ಒಂದು ನಿಮಿಷ ನಾಡಿ ಎಣಿಸಿ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ವಾರಕ್ಕೊಮ್ಮೆ ತೂಕ ನೋಡಿ. ಸಿಗರೇಟ್ ಸೇದುವವರಿದ್ದರೆ ದಯವಿಟ್ಟು ಬಿಡಿ, ಕಾಯಿಲೆ ಮರಳುವ ಸಾಧ್ಯತೆಯೂ ಕಣ್ಣಿನ ತೊಂದರೆಯೂ ಅದರಿಂದ ಜಾಸ್ತಿಯಾಗುತ್ತವೆ.

ಡಾಕ್ಟರನ್ನು ಕಾಯದೆ ಕಾರ್ಬಿಮಜೋಲ್ ನಿಲ್ಲಿಸಬೇಕಾದ ಸಂದರ್ಭವೂ ಒಂದಿದೆ. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಜ್ವರದ ಜೊತೆ ಗಂಟಲು ನೋವೋ ಬಾಯಿ ಹುಣ್ಣೋ ಬಂದರೆ, ‘ಹವಾ ಬದಲಾಗಿದೆ, ಸುಮ್ನೆ ನೆಗಡಿ’ ಅನ್ನಬೇಡಿ. ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ, ಅದೇ ದಿನ ಸಿಬಿಸಿ (ರಕ್ತಕಣ ಎಣಿಸುವ ಪರೀಕ್ಷೆ) ಮಾಡಿಸಿ, ಡಾಕ್ಟರನ್ನು ಕಾಣಿ. ಅಪರೂಪಕ್ಕೆ ಈ ಔಷಧ ಬಿಳಿ ರಕ್ತಕಣವನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಆದರೆ ಗರ್ಭಿಣಿ ಅಂತ ಅನುಮಾನ ಬಂದರೆ ನೀವೇ ತೀರ್ಮಾನ ಮಾಡಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಅಕ್ಕ ಈಗ 5 ಮಿಲಿಗ್ರಾಂನಲ್ಲಿದ್ದಾಳೆ. ಮುಂದಿನ ಸೋಮವಾರ ಅವಳಿಗೆ ಟಿಆರ್‌ಎಬಿ ಪರೀಕ್ಷೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.