ಆಯಿಲ್ ಚೇಂಬರ್ ಕೊಯ್ದು ಎಂಜಿನ್ನನ್ನು ಅರವತ್ತು ಮಿಲಿಮೀಟರ್ ಇಳಿಸಿದ ನನ್ನ ಅನುಭವ

ಹಳೆಯ ಜಿಪ್ಸಿಯೊಂದರ 1298 ಸಿ.ಸಿ. ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಇಟ್ಟುಕೊಂಡು ಎರಡು ಸೀಟಿನ ತೆರೆದ ಕಾರನ್ನು ನಾನು ಕಟ್ಟುತ್ತಿರುವುದು ಕಲಬುರಗಿಯ ಕಪನೂರು ಕಡೆಯ ಗ್ಯಾರೇಜುಗಳಿಗೆ ಗೊತ್ತಿರುವ ಸಂಗತಿ. ಚಾಸಿಯನ್ನು ಶಹಾಬಾದಿ ಫರ್ಸಿ ಹಾಸಿದ ಅಂಗಳದಲ್ಲಿ ನೀರುಮಟ್ಟ ಹಿಡಿದು ಬೆಸೆದೆ. ನೋಂದಣಿ ಇಲ್ಲದ ಗಾಡಿಯಾದ್ದರಿಂದ ಅದು ರಸ್ತೆಗೆ ಇಳಿಯುವುದಿಲ್ಲ. ನಮ್ಮ ಹೊಲದ ಕಣ ಮತ್ತು ಮಾವನವರ ದಾಲ್ ಮಿಲ್ಲಿನ ಆವರಣ, ಇವೆರಡೇ ಅದರ ಊರು. ಅಲ್ಲಿ ತಿರುವಿನಲ್ಲಿ ಗಾಡಿ ವಾಲುವುದನ್ನು ನೋಡಿ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಾದ ಚೇಂಬರನ್ನು ಕೊಯ್ದು ಎಂಜಿನ್ನನ್ನು ಕೆಳಗಿಳಿಸಲು ನಿರ್ಧರಿಸಿದಾಗ, ವೆಲ್ಡಿಂಗ್ ಮಾಡಿಕೊಡುವ ಉಸ್ತಾದರು ಕೈ ಮುಗಿದರು. “ಸಾಹೇಬರ, ಚೇಂಬರ್ ಕೊಯ್ದ್ರ ಆಯಿಲ್ ಎಲ್ಲಿ ನಿಲ್ತದ್ರಿ? ತಿಂಗಳದಾಗ ಎಂಜಿನ್ ಜಾಮ್ ಆಗ್ತದ ನೋಡ್ರಿ.” ತಿಂಗಳು ಹಿಡಿಯಲಿಲ್ಲ, ಮೂರನೆಯ ವಾರದಲ್ಲೇ ಪಿಸ್ಟನ್ನಿನ ದಂಡವನ್ನು ಕ್ರ್ಯಾಂಕಿಗೆ, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ ಜೋಡಿಸುವ ಬಿಗ್ ಎಂಡ್ ಬೇರಿಂಗ್ ಬಡಿಯತೊಡಗಿತು.

ತಪ್ಪು ನನ್ನದೇ, ಅದೂ ಎರಡು. ಚೇಂಬರಿನ ತಳದಿಂದ ಅರವತ್ತು ಮಿಲಿಮೀಟರ್ ತೆಗೆದ ಮೇಲೆಯೂ ಅಭ್ಯಾಸಬಲದಿಂದ ಮೊದಲಿನಷ್ಟೇ, ಅಂದರೆ ಸುಮಾರು ಮೂರೂವರೆ ಲೀಟರ್ ಆಯಿಲ್ ಸುರಿದಿದ್ದೆ. ಮಟ್ಟ ಕ್ರ್ಯಾಂಕಿನವರೆಗೆ ಏರಿ, ಮಜ್ಜಿಗೆ ಕಡೆದಂತೆ ಆಯಿಲ್ ನೊರೆಯಾಯಿತು. ನೊರೆಯನ್ನು ಎಳೆದ ಪಂಪು ಬೇರಿಂಗಿಗೆ ಏನು ಕೊಟ್ಟೀತು? ಎರಡನೆಯದಾಗಿ, ಪಂಪು ಆಯಿಲ್ ಎಳೆದುಕೊಳ್ಳುವ ಜಾಲರಿಯಾದ ಸ್ಟ್ರೇನರನ್ನು ತಳಕ್ಕೆ ಮೂರು ಮಿಲಿಮೀಟರ್ ಅಂತರದಲ್ಲಿ ಕೂರಿಸಿದ್ದೆ. ತಳಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದೆಂದು ನಾನು ಭಾವಿಸಿದ್ದೆ, ಆದರೆ ಅಷ್ಟು ಕಿರಿದಾದ ಸಂದಿಯಲ್ಲಿ ಆಯಿಲ್ ಬಂದು ಸೇರುವ ಮೊದಲೇ ಪಂಪು ಹಸಿದಿರುತ್ತದೆ. ಈಗ ಅದನ್ನು ಎಂಟು ಮಿಲಿಮೀಟರಿನ ಆಸುಪಾಸು ಇಟ್ಟಿದ್ದೇನೆ. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ ಸೆಟ್, ಗ್ಯಾಸ್ಕೆಟ್ ಎಲ್ಲ ಸೇರಿ ಆ ಪಾಠಕ್ಕೆ ಹದಿಮೂರು ಸಾವಿರದಷ್ಟು ಕೊಟ್ಟೆ. ಮನೆಯಲ್ಲಿ ಒಂಬತ್ತು ಎಂದು ಹೇಳಿದ್ದೇನೆ.

ಎರಡನೆಯ ಚೇಂಬರನ್ನು ಗುಜರಿಯಿಂದ ಆರುನೂರು ರೂಪಾಯಿಗೆ ತಂದೆ. ಅದನ್ನು ಬೆಸೆಯುವಾಗ ಅಂಚು ಸೊಟ್ಟಗಾಗಿ, ರಾತ್ರಿ ತುಂಬಿಟ್ಟ ಸೀಮೆಎಣ್ಣೆ ಬೆಳಗಾಗುವಷ್ಟರಲ್ಲಿ ಫರ್ಸಿಯ ಮೇಲಿತ್ತು. ಮೂರನೆಯದನ್ನು ಕೆಟ್ಟುಹೋದ ಬ್ಲಾಕಿಗೆ ಎಲ್ಲ ಬೋಲ್ಟುಗಳಿಂದ ಬಿಗಿದು, ಒಂದೊಂದು ಅಂಗುಲ ಬೆಸೆದು, ತಣಿಯಲು ಬಿಟ್ಟು, ಎದುರು ಬದಿಯಲ್ಲಿ ಮತ್ತೊಂದು ಅಂಗುಲ ಬೆಸೆಯುತ್ತ ಹೋದೆವು. ಇದಕ್ಕೆ ಇಡೀ ದಿನ ಹಿಡಿಯಿತು. ಉಸ್ತಾದರು ಬೇಸತ್ತರೂ ಅಂಚು ನೇರವಾಗಿಯೇ ಉಳಿಯಿತು. ಕಳೆದುಕೊಂಡ ಆಳಕ್ಕೆ ಬದಲಾಗಿ ಎರಡೂ ಬದಿಗೆ ಕಿವಿಗಳಂತೆ ಪೆಟ್ಟಿಗೆಗಳನ್ನು ಬೆಸೆದದ್ದರಿಂದ, ಮಟ್ಟವು ಕ್ರ್ಯಾಂಕನ್ನು ಮುಟ್ಟದೆಯೇ ಈಗ ನಾಲ್ಕು ಲೀಟರಿಗೆ ಹತ್ತಿರ ಹಿಡಿಯುತ್ತದೆ.

ಆದರೆ ಅಗಲವಾದ ಚೇಂಬರಿನಲ್ಲಿ ಆಯಿಲ್ ಪಕ್ಕಕ್ಕೆ ಓಡುವುದೂ ಹೆಚ್ಚು. ಇದನ್ನು ಕಣ್ಣಾರೆ ನೋಡಬೇಕೆನಿಸಿ, ಅದೇ ಅಳತೆಯ ಪೆಟ್ಟಿಗೆಯನ್ನು ಅಕ್ರಿಲಿಕ್ ಹಾಳೆಯಲ್ಲಿ ಅಂಟಿಸಿ, ಬಳಸಿದ ಆಯಿಲ್ ತುಂಬಿ, ಬೊಲೆರೊ ಹಿಂದೆ ಇಟ್ಟು ಮೊಬೈಲಿನಲ್ಲಿ ಚಿತ್ರೀಕರಿಸಲು ಹೋದೆ. ಮೊದಲ ತಿರುವಿನಲ್ಲೇ ಅಂಟು ಬಿಟ್ಟು ಆಯಿಲ್ ಚೆಲ್ಲಿತು, ಬೊಲೆರೊದಲ್ಲಿ ಇಂದಿಗೂ ಅದರ ವಾಸನೆ ಬರುತ್ತದೆ. ಆಮೇಲೆ ಹೊಳೆಯಿತು, ಓಡಿಸುವ ಅಗತ್ಯವೇ ಇಲ್ಲ. ಹದಿನೈದು ಮೀಟರ್ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸುತ್ತಿದರೆ ಆಯಿಲಿನ ಮೈ 34-35 ಡಿಗ್ರಿ ವಾಲುತ್ತದೆ. ಪೆಟ್ಟಿಗೆಯನ್ನು ಮೇಜಿನ ಮೇಲೆ ಅಷ್ಟೇ ವಾಲಿಸಿ ಹಿಡಿದರೆ ಸ್ಟ್ರೇನರ್ ಬರಿದಾಗುವುದು ಕಾಣುತ್ತದೆ. ಅದರ ಸುತ್ತ ನಾಲ್ಕು ಗೋಡೆ ನಿಲ್ಲಿಸಿ, ಒಳಕ್ಕೆ ಮಾತ್ರ ತೆರೆಯುವ ಚಿಕ್ಕ ಬಾಗಿಲುಗಳನ್ನು ಇಟ್ಟಿದ್ದೇನೆ. ಬಾಗಿಲಿನ ಕೀಲು ಯಾವುದರದು, ಕೆಳಗೆ ಬಿಟ್ಟ ಸಂದಿ ಎಷ್ಟು ಎಂಬುದನ್ನು ಹೇಳಲಾರೆ. ಅದಕ್ಕೆ ನನ್ನ ನಾಲ್ಕು ಭಾನುವಾರಗಳು ಹೋಗಿವೆ.

ಎಂಜಿನ್ ಇಳಿದ ಮೇಲೆ ಅರವತ್ತರ ವೇಗಕ್ಕೆ ಸೀಟಿನ ಕೆಳಗೆ ನಡುಕ ಶುರುವಾಯಿತು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟಿನ ಕೀಲಿಗೆ ಹೊಸ ಜಾಯಿಂಟ್ ಕ್ರಾಸ್ ಹಾಕಿ ಹಣ ಕಳೆದ ನಂತರವೇ ಕೋನ ಅಳೆಯುವ ಬುದ್ಧಿ ಬಂದದ್ದು. ಗೇರ್‌ಬಾಕ್ಸಿನ ಶಾಫ್ಟು ಮತ್ತು ಹಿಂದಿನ ಆಕ್ಸಲ್ಲಿನ ನಡುವಿರುವ ಡಿಫರೆನ್ಷಿಯಲ್ಲಿಗೆ ಶಕ್ತಿ ಕೊಡುವ ಪಿನಿಯನ್ ಶಾಫ್ಟು ಸಮಾಂತರವಾಗಿರಲಿಲ್ಲ. ಆಕ್ಸಲ್ ಮತ್ತು ಕಮಾನು ಪಾಟಾಗಳ ನಡುವೆ ಲೇತಿನಲ್ಲಿ ಮಾಡಿಸಿದ ಎರಡೂವರೆ ಡಿಗ್ರಿಯ ಬೆಣೆ ಕೂರಿಸಿದಾಗ ನಡುಕ ನಿಂತಿತು. ಎರಡೂ ಬೆಣೆಗೆ ನಾನೂರು ರೂಪಾಯಿ.

ಇಷ್ಟಕ್ಕೆ ದಕ್ಕಿದ್ದೇನು ಎಂದು ಕೇಳುವವರಿಗಾಗಿ, ಗುರುತ್ವಕೇಂದ್ರದ ಎತ್ತರ ಕಂಡುಹಿಡಿಯಲು ದಾಲ್ ಮಿಲ್ಲಿನ ಕಾಟಾ ತಂದು ಮುಂದಿನ ಚಕ್ರಗಳನ್ನು ತೂಗಿದೆ, ಹಿಂಭಾಗವನ್ನು ಅರ್ಧ ಮೀಟರ್ ಎತ್ತಿ ಮತ್ತೆ ತೂಗಿದೆ. ಮೊದಲ ಸಲ ಸ್ಪ್ರಿಂಗುಗಳನ್ನು ಮರದ ತುಂಡಿನಿಂದ ಬಂಧಿಸಲು ಮರೆತು, ನಂಬಲಾಗದಷ್ಟು ಒಳ್ಳೆಯ ಅಂಕಿ ಬಂದು ಊರೆಲ್ಲ ಹೇಳಿಕೊಂಡಿದ್ದೆ. ಸರಿಯಾಗಿ ಮಾಡಿದಾಗ ಇಡೀ ಗಾಡಿಯ ಗುರುತ್ವಕೇಂದ್ರ ಇಳಿದದ್ದು ಹನ್ನೆರಡು ಮಿಲಿಮೀಟರ್ ಮಾತ್ರ. 580 ಕಿಲೋದ ಗಾಡಿಯಲ್ಲಿ ಎಂಜಿನ್, ಗೇರ್‌ಬಾಕ್ಸ್ ಸೇರಿ 120 ಕಿಲೋ ಆಗುವುದರಿಂದ ಲೆಕ್ಕವೂ ಅದನ್ನೇ ಹೇಳುತ್ತದೆ. ಆದರೂ ವಾಲಾಟ ಕಡಿಮೆಯಾಗಿರುವುದು ಸ್ಟೀರಿಂಗ್ ಹಿಡಿದವರಿಗೆ ತಿಳಿಯುತ್ತದೆ, ಬಾನೆಟ್ಟೂ ತಗ್ಗಿದೆ. ರೇಡಿಯೇಟರಿನ ಮುಚ್ಚಳ ಈಗ ಎಂಜಿನ್ನಿಗಿಂತ ಎತ್ತರದಲ್ಲಿರುವುದರಿಂದ ನೀರಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ನಿಂತು, ಮೇ ತಿಂಗಳ 43 ಡಿಗ್ರಿಯಲ್ಲೂ ಮುಳ್ಳು ಮೇಲೇರಲಿಲ್ಲ. ಇದು ನಾನು ನಿರೀಕ್ಷಿಸದೆ ಬಂದ ಲಾಭ.

ಕಳೆದ ತೊಗರಿ ರಾಶಿ ಮುಗಿದು ಕಣ ಖಾಲಿಯಾದ ವಾರ, ಉಸ್ತಾದರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಡಕ್ಕೆ ಹತ್ತು, ಬಲಕ್ಕೆ ಹತ್ತು ಸುತ್ತು ಹಾಕಿದೆ. ಮೊದಲು ತಿರುವಿನಲ್ಲಿ ಒಂದು ಬಾರ್‌ಗೆ ಕುಸಿಯುತ್ತಿದ್ದ ಆಯಿಲ್ ಪ್ರೆಷರ್ ಮೂರೂವರೆಯ ಕೆಳಗೆ ಬರಲಿಲ್ಲ. ಅವರು ಇಳಿದು ನೇರವಾಗಿ ಗಾಡಿಯ ಕೆಳಗೆ ತೂರಿ, ಬೆಸುಗೆಯ ಮೇಲೆ ಬೆರಳಾಡಿಸಿ ಆಯಿಲ್ ಜಿನುಗಿಲ್ಲವೆಂದು ಖಚಿತಪಡಿಸಿಕೊಂಡು, “ಇನ್ನ ಹತ್ತು ಎಂ.ಎಂ. ಇಳಸೂಣೇನ್ರಿ?” ಎಂದರು. ಚೇಂಬರಿನ ತಳ ಈಗಾಗಲೇ ಫ್ಲೈವೀಲಿನ ಕವಚವಾದ ಬೆಲ್ ಹೌಸಿಂಗಿನ ಮಟ್ಟಕ್ಕೆ ಬಂದಿದೆ. ಇನ್ನೂ ಇಳಿಸಬೇಕೆಂದರೆ ಫ್ಲೈವೀಲನ್ನೇ ಚಿಕ್ಕದು ಮಾಡಿ, ಸ್ಟಾರ್ಟರಿನ ಜಾಗವನ್ನೂ ಬದಲಿಸಬೇಕಾಗುತ್ತದೆ. ಅದಕ್ಕೆ ಎಷ್ಟಾಗುತ್ತದೆಂದು ಲೇತಿನವರನ್ನು ಕೇಳಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.