ನಕ್ಷೆ ಮತ್ತು ವಿನ್ಯಾಸ ತಂತ್ರಾಂಶಗಳಿಗೆ ಭೌಗೋಳಿಕ ದತ್ತಾಂಶವನ್ನು ಸರ್ವರಿನಿಂದಲೇ ಜೋಡಿಸುವ ಕ್ರಮ

ಭೌಗೋಳಿಕ ದತ್ತಾಂಶವನ್ನು ಕಡತಗಳಾಗಿ ಇಳಿಸಿಕೊಂಡು, ಒಬ್ಬರಿಂದೊಬ್ಬರಿಗೆ ನಕಲು ಕಳುಹಿಸುತ್ತ ಕೆಲಸ ನಡೆಸಿದರೆ, ಸ್ವಲ್ಪ ಕಾಲದಲ್ಲಿಯೇ ಯಾವ ಪ್ರತಿ ಹೊಸದು, ಯಾವುದು ಹಳೆಯದು ಎಂಬುದು ಯಾರಿಗೂ ತಿಳಿಯದಂತಾಗುತ್ತದೆ. ದತ್ತಾಂಶವನ್ನು ನಿರ್ವಹಿಸುವ ಸರ್ವರಿಗೇ ತಂತ್ರಾಂಶವನ್ನು ಜೋಡಿಸಿಕೊಂಡರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಜೋಡಿಸುವ ಕೆಲಸ ವಿಳಾಸವೊಂದನ್ನು ಅಂಟಿಸಿ ಗುಂಡಿ ಒತ್ತುವಷ್ಟು ಸುಲಭವಾದದ್ದು. ಎಚ್ಚರ ಬೇಕಾಗುವುದು ಅದಕ್ಕೆ ಮೊದಲು ಸೇವೆಯ ಬಗೆಯನ್ನೂ ಸ್ಥಳಗಳನ್ನು ಅಂಕಿಗಳಲ್ಲಿ ಗುರುತಿಸುವ ನಿರ್ದೇಶಾಂಕ ವ್ಯವಸ್ಥೆಯನ್ನೂ ಆರಿಸುವಾಗ, ಮತ್ತು ಆಮೇಲೆ ಬಂದ ದತ್ತಾಂಶವನ್ನು ನೆಚ್ಚಿ ಗೆರೆ ಎಳೆಯುವಾಗ. ಈ ಬರಹ ಹೆಚ್ಚಾಗಿ ಆ ಎಚ್ಚರಗಳನ್ನೇ ಕುರಿತದ್ದು.

ಸೇವೆಯ ಬಗೆಯನ್ನು ಆರಿಸುವುದು

1994ರಲ್ಲಿ ಸ್ಥಾಪನೆಯಾದ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂ (ಓಜಿಸಿ) ಎಂಬ ಸಂಸ್ಥೆ ರೂಪಿಸಿದ ಮಾನಕಗಳನ್ನು ಇಂದು ಬಹುತೇಕ ಎಲ್ಲ ನಕ್ಷೆ ತಂತ್ರಾಂಶಗಳೂ ಅರ್ಥಮಾಡಿಕೊಳ್ಳುತ್ತವೆ. ಅವುಗಳಲ್ಲಿ ಡಬ್ಲ್ಯುಎಂಎಸ್ (ವೆಬ್ ಮ್ಯಾಪ್ ಸರ್ವಿಸ್) ಕೊಡುವುದು ಚಿತ್ರವನ್ನು: ನೀವು ನೋಡುತ್ತಿರುವ ಪ್ರದೇಶದ ಎಲ್ಲೆಯನ್ನೂ ಪರದೆಯ ಅಳತೆಯನ್ನೂ ತಂತ್ರಾಂಶ ಕಳುಹಿಸುತ್ತದೆ, ಸರ್ವರ್ ಆ ಭಾಗವನ್ನು ಬಿಡಿಸಿ ಮರಳಿಸುತ್ತದೆ. ಡಬ್ಲ್ಯುಎಂಟಿಎಸ್ (ವೆಬ್ ಮ್ಯಾಪ್ ಟೈಲ್ ಸರ್ವಿಸ್) ಕೂಡ ಚಿತ್ರವನ್ನೇ ಕೊಡುತ್ತದೆಯಾದರೂ ಅದನ್ನು ಮೊದಲೇ ಸಣ್ಣ ಸಣ್ಣ ಚೌಕಗಳಾಗಿ ಸಿದ್ಧಪಡಿಸಿಟ್ಟಿರುವುದರಿಂದ ವೇಗವಾಗಿ ಬರುತ್ತದೆ. ಆ ಚೌಕಗಳನ್ನು ಯಾವಾಗ ಸಿದ್ಧಪಡಿಸಿದ್ದು ಎಂಬುದು ಮಾತ್ರ ನೋಡುವವರಿಗೆ ಕಾಣುವುದಿಲ್ಲ. ಡಬ್ಲ್ಯುಎಫ್‌ಎಸ್ (ವೆಬ್ ಫೀಚರ್ ಸರ್ವಿಸ್) ಬಿಂದು, ರೇಖೆ, ಬಹುಭುಜಗಳನ್ನು ಅವುಗಳ ಗುಣಲಕ್ಷಣಗಳ, ಅಂದರೆ ಹೆಸರು, ಬಗೆ ಮುಂತಾದ ವಿವರಗಳ ಸಮೇತ ಕೊಡುತ್ತದೆ. ಅದರ ಮುಂದಿನ ತಲೆಮಾರಾದ ಓಜಿಸಿ ಎಪಿಐ ಫೀಚರ್ಸ್ ಮಾನಕದ ಮೊದಲ ಭಾಗ 2019ರಲ್ಲಿ ಪ್ರಕಟವಾಯಿತು. ಅದರ ವಿಳಾಸವನ್ನು ಸಾಮಾನ್ಯ ಬ್ರೌಸರಿನಲ್ಲಿಯೇ ತೆರೆದು ಏನೇನು ಪದರಗಳು (ರಸ್ತೆ, ಗಡಿ ಹೀಗೆ ಒಂದೊಂದು ಬಗೆಯ ವಸ್ತುಗಳ ಗುಂಪುಗಳು) ಇವೆ ಎಂದು ಓದಿಕೊಳ್ಳಬಹುದಾದ್ದರಿಂದ, ಎರಡೂ ಲಭ್ಯವಿದ್ದಲ್ಲಿ ಇದನ್ನು ಆರಿಸುವುದು ಲೇಸು. ಎಸ್ರಿ ಕಂಪನಿಯ ತಂತ್ರಾಂಶವನ್ನು ಬಳಸುವ ಸಂಸ್ಥೆಗಳು ಫೀಚರ್ ಸರ್ವಿಸ್ ಎಂಬ ತಮ್ಮದೇ ರೂಪದಲ್ಲಿ ಇದೇ ಕೆಲಸವನ್ನು ಮಾಡುತ್ತವೆ.

ಯಾವುದನ್ನು ಆರಿಸಬೇಕೆಂಬುದು ನೀವು ಮಾಡಲಿರುವ ಕೆಲಸವನ್ನು ಅವಲಂಬಿಸಿದೆ. ಹಿನ್ನೆಲೆಯಾಗಿ ಕಂಡರೆ ಸಾಕು ಎಂದಾದರೆ ಚಿತ್ರಸೇವೆಯೇ ಸರಿ. ಗೆರೆಯ ತುದಿಗೆ ಸರಿಯಾಗಿ ಅಂಟಿಕೊಳ್ಳುವಂತೆ ಸ್ನ್ಯಾಪ್ ಮಾಡಬೇಕು, ವಿಸ್ತೀರ್ಣ ಲೆಕ್ಕಹಾಕಬೇಕು, ಗುಣಲಕ್ಷಣದಿಂದ ಸೋಸಬೇಕು ಎಂದಾದರೆ ಚಿತ್ರದಿಂದ ಏನೂ ಸಾಧ್ಯವಾಗದು. ಡಬ್ಲ್ಯುಎಂಎಸ್ ಚಿತ್ರದ ಮೇಲೆ ಕೈಯಿಂದ ಗೆರೆ ಎಳೆದು ಅದನ್ನೇ ಗಡಿಯೆಂದು ಬಳಸುವವರಿದ್ದಾರೆ. ಅದು ಸರ್ವರಿನಲ್ಲಿ ನಿಖರವಾಗಿಯೇ ಇರುವ ರೇಖೆಯನ್ನು ಪಿಕ್ಸೆಲ್‌ಗಳ ಅಂದಾಜಿಗೆ ಇಳಿಸುವ ವ್ಯರ್ಥ ಶ್ರಮ.

ನಿರ್ದೇಶಾಂಕ ವ್ಯವಸ್ಥೆ

ಜೋಡಣೆಯಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡ ಪಾಲು ಇಲ್ಲಿಯದು. ಆದ್ದರಿಂದ ಸೇವೆಯ ವಿಳಾಸವನ್ನು ಮುಟ್ಟುವುದಕ್ಕೂ ಮೊದಲು ಯೋಜನೆಯ ನಿರ್ದೇಶಾಂಕ ವ್ಯವಸ್ಥೆಯನ್ನು ನಿಶ್ಚಯಿಸಿ, ಅದನ್ನು ಗುರುತಿಸುವ ಸಂಕೇತವಾದ ಇಪಿಎಸ್‌ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ವೆಬ್ ನಕ್ಷೆಗಳಲ್ಲಿ ರೂಢಿಯಲ್ಲಿರುವ ವೆಬ್ ಮರ್ಕೇಟರ್, ಅಂದರೆ ಇಪಿಎಸ್‌ಜಿ 3857, ನೋಡುವುದಕ್ಕೆ ಹೊಂದುತ್ತದೆ, ಅಳೆಯುವುದಕ್ಕೆ ಹೊಂದುವುದಿಲ್ಲ. ಸಮಭಾಜಕದಿಂದ ದೂರ ಹೋದಂತೆಲ್ಲ ಅದರಲ್ಲಿ ಉದ್ದಗಳು ಹಿಗ್ಗುತ್ತವೆ: 45 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 1.41 ಪಟ್ಟು, 60 ಡಿಗ್ರಿಯಲ್ಲಿ ಸರಿಸುಮಾರು ಎರಡು ಪಟ್ಟು. ಹಿನ್ನೆಲೆ ನಕ್ಷೆ ಈ ವ್ಯವಸ್ಥೆಯಲ್ಲಿದೆ ಎಂಬ ಕಾರಣಕ್ಕೆ ವಿನ್ಯಾಸದ ಕಡತವನ್ನೂ ಅದಕ್ಕೇ ಹೊಂದಿಸಿಬಿಟ್ಟರೆ, ನೂರು ಮೀಟರಿನ ಗೋಡೆ 60 ಡಿಗ್ರಿ ಅಕ್ಷಾಂಶದಲ್ಲಿ ಇನ್ನೂರು ಮೀಟರ್ ಎಂದು ತೋರುತ್ತದೆ. ಸ್ಥಳೀಯ ಸರ್ವೆ ವ್ಯವಸ್ಥೆಯೊಂದು ಇದ್ದರೆ ಅದನ್ನೇ ಬಳಸಬೇಕು. ಇಲ್ಲವಾದರೆ ಭೂಮಿಯನ್ನು ಆರಾರು ಡಿಗ್ರಿಗಳ 60 ವಲಯಗಳಾಗಿ ವಿಂಗಡಿಸುವ ಯುಟಿಎಂ ಸಾಮಾನ್ಯವಾಗಿ ಸಾಕಾಗುತ್ತದೆ. ಯುಟಿಎಂ ಕೂಡ ನೆಲದ ಅಳತೆಯನ್ನು ಯಥಾವತ್ತಾಗಿ ಕೊಡುವುದಿಲ್ಲ ಎಂಬುದನ್ನು ನೆನಪಿಡಬೇಕು. ವಲಯದ ನಡುರೇಖೆಯ ಮೇಲೆ ಅದರ ಪ್ರಮಾಣ 0.9996 ಆಗಿರುವುದರಿಂದ ಅಲ್ಲಿ ಒಂದು ಕಿಲೋಮೀಟರಿಗೆ 40 ಸೆಂಟಿಮೀಟರ್ ಕಡಿಮೆ ಬರುತ್ತದೆ. ನಗರ ನಕ್ಷೆಗೆ ಇದು ಗೌಣ. ಉದ್ದನೆಯ ಸೇತುವೆಗೆ ಹಾಗಲ್ಲ.

ಇನ್ನೊಂದು ತೊಡಕು ಅಕ್ಷಗಳ ಕ್ರಮದ್ದು. ಡಬ್ಲ್ಯುಎಂಎಸ್ 1.1.1 ಆವೃತ್ತಿಯಲ್ಲಿ, ಡಿಗ್ರಿಗಳನ್ನು ಬಳಸುವ ಇಪಿಎಸ್‌ಜಿ 4326ರ ನಿರ್ದೇಶಾಂಕಗಳು ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ ಎಂಬ ಕ್ರಮದಲ್ಲಿ ಹೋಗುತ್ತವೆ, 1.3.0 ಆವೃತ್ತಿಯಲ್ಲಿ ಅಕ್ಷಾಂಶವೇ ಮೊದಲು. ಮಾನಕವನ್ನು ಅರ್ಧಂಬರ್ಧ ಪಾಲಿಸುವ ಸರ್ವರುಗಳೂ ಇವೆ. ಪದರ ಸೇರಿತು, ದೋಷದ ಸಂದೇಶ ಬರಲಿಲ್ಲ, ಆದರೆ ನಕ್ಷೆ ಖಾಲಿಯಾಗಿದೆ ಅಥವಾ ವಸ್ತುಗಳೆಲ್ಲ ಇನ್ನಾವುದೋ ಸಮುದ್ರದ ಮೇಲಿವೆ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಸಂಪರ್ಕದ ಕಿಟಕಿಯಲ್ಲಿ ಅಕ್ಷಗಳ ದಿಕ್ಕನ್ನು ತಿರುಗಿಸುವ ಮತ್ತು ಕಡೆಗಣಿಸುವ ಎರಡು ಆಯ್ಕೆಗಳಿರುವುದು ಇದೇ ಕಾರಣಕ್ಕೆ.

ವಿನ್ಯಾಸ ತಂತ್ರಾಂಶಗಳಲ್ಲಿ ಏಕಮಾನದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಡಿಗ್ರಿಗಳಲ್ಲಿರುವ ದತ್ತಾಂಶವನ್ನು ರೂಪಾಂತರಿಸದೆ ಡ್ರಾಯಿಂಗಿಗೆ ತಂದರೆ ಇಡೀ ಊರು ಒಂದು ಏಕಮಾನದೊಳಗೆ ಚುಕ್ಕೆಯಾಗಿ ಕೂರುತ್ತದೆ. ಮಿಲಿಮೀಟರಿನ ಡ್ರಾಯಿಂಗಿಗೆ ಮೀಟರಿನ ದತ್ತಾಂಶ ಬಂದರೆ ಸಾವಿರ ಪಟ್ಟು ಕುಗ್ಗುತ್ತದೆ. ಕಟ್ಟಡ ವಿನ್ಯಾಸದ ರೆವಿಟ್‌ನಂತಹ ತಂತ್ರಾಂಶದಲ್ಲಿ ಒಳಗಿನ ಮೂಲಬಿಂದುವಿನಿಂದ ಸುಮಾರು 16 ಕಿಲೋಮೀಟರಿನ ಆಚೆಗೆ ರೇಖಾಕೃತಿಯನ್ನು ಇಡಬಾರದು, ಆದರೆ ಯುಟಿಎಂ ಅಂಕಿಗಳು ಲಕ್ಷಾಂತರ ಮೀಟರುಗಳಲ್ಲಿರುತ್ತವೆ. ಅಂಥಲ್ಲಿ ಸ್ಥಳದ ಬಳಿಯೇ ಒಂದು ಆಧಾರಬಿಂದುವನ್ನು ಗುರುತಿಸಿ, ಅದರ ನಿಜವಾದ ನಿರ್ದೇಶಾಂಕವನ್ನು ಹಂಚಿಕೆಯ ನಿರ್ದೇಶಾಂಕವಾಗಿ (ಶೇರ್ಡ್ ಕೋಆರ್ಡಿನೇಟ್) ದಾಖಲಿಸಿ, ಉಳಿದುದನ್ನು ಅದಕ್ಕೆ ಸಾಪೇಕ್ಷವಾಗಿ ಇಡಬೇಕು.

ಕ್ಯುಜಿಐಎಸ್‌ನಲ್ಲಿ ಜೋಡಣೆ

ಉಚಿತವಾಗಿಯೂ ಮುಕ್ತವಾಗಿಯೂ ದೊರೆಯುವ ಕ್ಯುಜಿಐಎಸ್‌ನಲ್ಲಿ ಮೊದಲು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ವಿನ್ಯಾಸ ತಂತ್ರಾಂಶಕ್ಕೆ ಒಯ್ಯುವುದು ಒಳ್ಳೆಯ ಅಭ್ಯಾಸ. ಕಂಟ್ರೋಲ್ ಮತ್ತು ಎಲ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡೇಟಾ ಸೋರ್ಸ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಡಬ್ಲ್ಯುಎಫ್‌ಎಸ್ ವಿಭಾಗಕ್ಕೆ ಹೋಗಿ, ಹೊಸ ಸಂಪರ್ಕಕ್ಕೆ ಹೆಸರು ಕೊಟ್ಟು, ಸೇವೆಯ ವಿಳಾಸವನ್ನು ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವನ್ನು ಕತ್ತರಿಸಿ ಅಂಟಿಸಬೇಕು. ಆ ಭಾಗವನ್ನು ತಂತ್ರಾಂಶ ತಾನೇ ತುಂಬಿಕೊಳ್ಳುತ್ತದೆ. ಆದರೆ ಕೆಲವು ಸರ್ವರುಗಳಲ್ಲಿ ನಕ್ಷೆಯ ಹೆಸರೋ ಪ್ರವೇಶದ ಕೀಲಿಯೋ ಆ ಭಾಗದಲ್ಲಿಯೇ ಇರುತ್ತದೆ, ಅದನ್ನು ಮಾತ್ರ ಉಳಿಸಿಕೊಳ್ಳಬೇಕು. ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ಸಂಪರ್ಕದಲ್ಲಿ ನೇರವಾಗಿ ಬರೆದರೆ ಅವು ಯೋಜನೆಯ ಕಡತದಲ್ಲಿ ಓದಲು ಬರುವಂತೆ ಉಳಿದುಬಿಡಬಹುದು. ಆದ್ದರಿಂದ ಮಾಸ್ಟರ್ ಪಾಸ್‌ವರ್ಡಿನಿಂದ ರಕ್ಷಿತವಾದ ಅಥೆಂಟಿಕೇಶನ್ ವ್ಯವಸ್ಥೆಯಲ್ಲಿ ಅವನ್ನು ಇಡಬೇಕು.

ಪದರವನ್ನು ಸೇರಿಸುವಾಗ, ಪರದೆಯಲ್ಲಿ ಕಾಣುವ ಪ್ರದೇಶದ ವಸ್ತುಗಳನ್ನು ಮಾತ್ರ ಕೇಳುವ ಆಯ್ಕೆಯನ್ನು ಗುರುತು ಹಾಕಿರಬೇಕು. ಇಲ್ಲವಾದರೆ ಇಡೀ ಪದರ ಇಳಿಯತೊಡಗುತ್ತದೆ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಒಂದಿದೆ: ಒಂದು ಕೋರಿಕೆಗೆ ಇಷ್ಟೇ ವಸ್ತುಗಳು ಎಂದು ಸರ್ವರ್ ಮಿತಿ ಹಾಕಿರುತ್ತದೆ, ಅದನ್ನು ಮೀರಿದ್ದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪದರದಲ್ಲಿ ಸರಿಯಾಗಿ 1000 ಅಥವಾ 2000 ವಸ್ತುಗಳಿವೆ ಎಂದು ಕಂಡರೆ ಅದನ್ನು ಕಾಕತಾಳೀಯವೆಂದು ನಂಬಬಾರದು. ಡಬ್ಲ್ಯುಎಫ್‌ಎಸ್ 2.0ರಲ್ಲಿ ದತ್ತಾಂಶವನ್ನು ಬಿಟ್ಟು ಎಣಿಕೆಯನ್ನಷ್ಟೇ ಕೇಳುವ ಸೌಲಭ್ಯವಿದೆ. ಆ ಎಣಿಕೆಯನ್ನು ಪದರದಲ್ಲಿರುವ ಎಣಿಕೆಯೊಂದಿಗೆ ತಾಳೆ ನೋಡಬೇಕು.

ಅಭ್ಯಾಸಕ್ಕೆ ನಿಜವಾಗಿ ಬದಲಾಗುವ ದತ್ತಾಂಶ ಬೇಕಿದ್ದರೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಜಿಯೋಜೇಸನ್ ಎಂಬ ಪಠ್ಯರೂಪದ ಭೌಗೋಳಿಕ ಕಡತವಾಗಿ ಒದಗಿಸುವ ಭೂಕಂಪಗಳ ಪಟ್ಟಿ ಅನುಕೂಲವಾದದ್ದು. ಅದು ನಿಮಿಷಕ್ಕೊಮ್ಮೆ ನವೀಕರಣಗೊಳ್ಳುತ್ತದೆ. ವೆಕ್ಟರ್ ವಿಭಾಗದಲ್ಲಿ ಎಚ್‌ಟಿಟಿಪಿ ಮೂಲವೆಂದು ಆರಿಸಿ ವಿಳಾಸ ಕೊಟ್ಟು, ಪದರದ ಗುಣಲಕ್ಷಣಗಳ ರೆಂಡರಿಂಗ್ ಪುಟದಲ್ಲಿ ಇಂತಿಷ್ಟು ಸೆಕೆಂಡಿಗೊಮ್ಮೆ ನವೀಕರಿಸು ಎಂಬುದನ್ನು ಚಾಲೂ ಮಾಡಬಹುದು. ಹೊಸ ಆವೃತ್ತಿಗಳಲ್ಲಿ ಇಲ್ಲಿ ಎರಡು ಆಯ್ಕೆಗಳು ಕಾಣುತ್ತವೆ; ಇದ್ದದ್ದನ್ನೇ ಪುನಃ ಬಿಡಿಸುವ ಆಯ್ಕೆಯನ್ನು ಬಿಟ್ಟು, ದತ್ತಾಂಶವನ್ನು ಮರಳಿ ಓದುವುದನ್ನು ಆರಿಸಬೇಕು. ಮೂಲವೇ ದಿನಕ್ಕೊಮ್ಮೆ ಬದಲಾಗುವಾಗ ಹತ್ತು ಸೆಕೆಂಡಿಗೊಮ್ಮೆ ಕೇಳುವುದರಿಂದ ಸರ್ವರಿಗೆ ಹೊರೆಯಾಗುವುದಷ್ಟೇ ಲಾಭ.

ನಿಮ್ಮದೇ ದತ್ತಾಂಶಕೋಶವಿದ್ದರೆ

ತಂಡದ ಒಳಗಿನ ಕೆಲಸಕ್ಕೆ ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ದತ್ತಾಂಶಕೋಶ ತಂತ್ರಾಂಶ ಮತ್ತು ಅದರ ಭೌಗೋಳಿಕ ವಿಸ್ತರಣೆಯಾದ ಪೋಸ್ಟ್‌ಜಿಐಎಸ್ ಜೋಡಿಯನ್ನು ಮೀರಿಸುವುದು ಕಷ್ಟ. ಹೋಸ್ಟ್, ಪೋರ್ಟ್ (ರೂಢಿಯಂತೆ 5432), ದತ್ತಾಂಶಕೋಶದ ಹೆಸರು, ಬಳಕೆದಾರ ಹೆಸರು ಇಷ್ಟನ್ನು ಕೊಟ್ಟರೆ ಕೋಷ್ಟಕಗಳು ಪದರಗಳಾಗಿ ಕಾಣಿಸುತ್ತವೆ. ಪ್ರತಿ ಕೋಷ್ಟಕಕ್ಕೂ ಸಾಲುಗಳನ್ನು ಗುರುತಿಸುವ ಪ್ರೈಮರಿ ಕೀಲಿ ಇರಬೇಕು, ಜ್ಯಾಮಿತಿಯ ಕಾಲಮ್ಮಿಗೆ ಹುಡುಕಾಟವನ್ನು ಚುರುಕುಗೊಳಿಸುವ ಗಿಸ್ಟ್ ಸೂಚಿ ಇರಬೇಕು, ನಿರ್ದೇಶಾಂಕ ವ್ಯವಸ್ಥೆಯ ಸಂಖ್ಯೆಯಾದ ಎಸ್‌ಆರ್‌ಐಡಿ ಸರಿಯಾಗಿ ದಾಖಲಾಗಿರಬೇಕು. ನೋಡುವವರಿಗೆ ಓದುವ ಅಧಿಕಾರ ಮಾತ್ರ ಇರುವ ಪ್ರತ್ಯೇಕ ಬಳಕೆದಾರರನ್ನು ಸೃಷ್ಟಿಸುವುದು ಕಡ್ಡಾಯವೆಂದೇ ತಿಳಿಯಬೇಕು, ಏಕೆಂದರೆ ಪರದೆಯ ಮೇಲೆ ಅಳಿಸಿದ್ದು ಇಲ್ಲಿ ಎಲ್ಲರ ಪಾಲಿಗೂ ಅಳಿಸಿಹೋಗುತ್ತದೆ. ದತ್ತಾಂಶಕೋಶದ ಪೋರ್ಟನ್ನು ಅಂತರ್ಜಾಲಕ್ಕೆ ಬಯಲಾಗಿ ತೆರೆದಿಡಬಾರದು. ಹೊರಗಿನವರಿಗೆ ಕೊಡಬೇಕಿದ್ದರೆ ಜಿಯೋಸರ್ವರ್‌ನಂತಹ ತಂತ್ರಾಂಶದ ಮೂಲಕ ಸೇವೆಯಾಗಿ ಕೊಡಬೇಕು.

ವಿನ್ಯಾಸ ತಂತ್ರಾಂಶಗಳಲ್ಲಿ

ಆಟೋಕ್ಯಾಡ್ ಮ್ಯಾಪ್ 3ಡಿ ಮತ್ತು ಅದನ್ನು ಒಳಗೊಂಡಿರುವ ಸಿವಿಲ್ 3ಡಿಗಳಲ್ಲಿ ಮೊದಲು ಡ್ರಾಯಿಂಗಿಗೆ ನಿರ್ದೇಶಾಂಕ ವ್ಯವಸ್ಥೆಯನ್ನು ನಿಗದಿಪಡಿಸಿ, ಅನಂತರ ಡೇಟಾ ಕನೆಕ್ಟ್ ಫಲಕದಿಂದ ಡಬ್ಲ್ಯುಎಂಎಸ್, ಡಬ್ಲ್ಯುಎಫ್‌ಎಸ್ ಅಥವಾ ದತ್ತಾಂಶಕೋಶವನ್ನು ಜೋಡಿಸಬೇಕು. ಈ ಕ್ರಮ ಹಿಂದುಮುಂದಾದರೆ ಪದರಗಳು ಒಂದರ ಮೇಲೊಂದು ಕೂರುವುದಿಲ್ಲ. ಹೀಗೆ ಬಂದ ಪದರಗಳು ಡಿಸ್‌ಪ್ಲೇ ಮ್ಯಾನೇಜರಿನಲ್ಲಿ ಇರುತ್ತವೆಯೇ ಹೊರತು ಡ್ರಾಯಿಂಗಿನ ಸ್ವಂತ ವಸ್ತುಗಳಾಗಿರುವುದಿಲ್ಲ; ಡ್ರಾಯಿಂಗಿನ ಡಿಡಬ್ಲ್ಯುಜಿ ಕಡತವನ್ನು ಮಾತ್ರ ಇನ್ನೊಬ್ಬರಿಗೆ ಕಳುಹಿಸಿದರೆ, ಸಂಪರ್ಕ ಸಿಗದ ಅವರ ಕಂಪ್ಯೂಟರಿನಲ್ಲಿ ಪದರ ಖಾಲಿಯಾಗಿರುತ್ತದೆ. ಎಸ್ರಿಯ ಸೇವೆಗಳನ್ನು ಆಟೋಕ್ಯಾಡಿನಲ್ಲಿ ತೆರೆಯಲು ಆರ್ಕ್‌ಜಿಐಎಸ್ ಫಾರ್ ಆಟೋಕ್ಯಾಡ್ ಎಂಬ ಉಚಿತ ಪ್ಲಗ್‌ಇನ್ ಇದೆ. ಮೈಕ್ರೋಸ್ಟೇಷನ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ರಾಸ್ಟರ್ ಮ್ಯಾನೇಜರ್ ಮೂಲಕ ಡಬ್ಲ್ಯುಎಂಎಸ್ ಚಿತ್ರವನ್ನು ಲಗತ್ತಿಸಬಹುದು.

ಇಂಥ ಯಾವ ಸೌಲಭ್ಯವೂ ಇಲ್ಲದ ತಂತ್ರಾಂಶಕ್ಕೆ ಭೌಗೋಳಿಕ ಕಡತಗಳನ್ನು ಪರಿವರ್ತಿಸುವ ಜಿಡಾಲ್ ಸಂಗ್ರಹದ ಓಜಿಆರ್2ಓಜಿಆರ್ ಉಪಕರಣ ನೆರವಿಗೆ ಬರುತ್ತದೆ. ಅದು ಡಬ್ಲ್ಯುಎಫ್‌ಎಸ್ ಅಥವಾ ಪೋಸ್ಟ್‌ಜಿಐಎಸ್‌ನಿಂದ ದತ್ತಾಂಶವನ್ನು ಓದಿ, ಬೇಕಾದ ನಿರ್ದೇಶಾಂಕ ವ್ಯವಸ್ಥೆಗೆ ಬದಲಿಸಿ, ವಿನ್ಯಾಸ ತಂತ್ರಾಂಶಗಳು ಓದಬಲ್ಲ ಡಿಎಕ್ಸ್‌ಎಫ್ ಕಡತವಾಗಿ ಬರೆಯುತ್ತದೆ. ಇದನ್ನು ಪ್ರತಿ ರಾತ್ರಿ ತಾನಾಗಿ ನಡೆಯುವಂತೆ ಗೊತ್ತುಪಡಿಸಿ, ಡಿಡಬ್ಲ್ಯುಜಿಗೆ ಪರಿವರ್ತಿಸಿ, ಬಾಹ್ಯ ಉಲ್ಲೇಖವಾಗಿ (ಎಕ್ಸ್‌ರೆಫ್) ಲಗತ್ತಿಸಿದರೆ ಡ್ರಾಯಿಂಗ್ ತೆರೆದಾಗಲೆಲ್ಲ ಹಿಂದಿನ ರಾತ್ರಿಯ ಸ್ಥಿತಿ ಕಾಣುತ್ತದೆ. ಗುಣಲಕ್ಷಣಗಳು ಈ ದಾರಿಯಲ್ಲಿ ಉದುರಿಹೋಗುತ್ತವೆ. ಆದರೂ ಬಹಳಷ್ಟು ವಿನ್ಯಾಸ ಕೆಲಸಕ್ಕೆ ಈ ಹಳೆಯ ಮಾದರಿಯೇ ಹೆಚ್ಚು ಸ್ಥಿರವಾದದ್ದು ಎಂದು ಹೇಳಲು ಹಿಂಜರಿಯಬೇಕಿಲ್ಲ.

ವಿನ್ಯಾಸಕ್ಕೆ ಆಧಾರವಾದದ್ದನ್ನು ಉಳಿಸಿಡುವುದು

ಸಂಪರ್ಕ ನೇರವಾಗಿದ್ದ ಮಾತ್ರಕ್ಕೆ ದತ್ತಾಂಶ ಇಂದಿನದೇ ಆಗಬೇಕಿಲ್ಲ. ಐದು ವರ್ಷದ ಹಿಂದಿನ ಸರ್ವೆಯೂ ಸರ್ವರಿನಿಂದ ಇದೀಗ ಬಂದಂತೆಯೇ ಕಾಣುತ್ತದೆ. ಪದರದ ಬಗೆಗಿನ ವಿವರಗಳಾದ ಮೆಟಾಡೇಟಾದಲ್ಲಿ ಅಥವಾ ವಸ್ತುಗಳ ಗುಣಲಕ್ಷಣದಲ್ಲಿ ಕೊನೆಯ ತಿದ್ದುಪಡಿಯ ದಿನಾಂಕವನ್ನು ಹುಡುಕಿ ನೋಡಬೇಕು. ಇದಕ್ಕಿಂತ ಗಂಭೀರವಾದ ವಿಷಯವೆಂದರೆ, ನೀವು ಕೊಳವೆಯ ಮಾರ್ಗವನ್ನು ನಿಶ್ಚಯಿಸಿದ ಮೇಲೆ ಸರ್ವರಿನಲ್ಲಿ ಗಡಿರೇಖೆ ಬದಲಾದರೆ, ನಿಮ್ಮ ನಿರ್ಧಾರಕ್ಕೆ ಕಾರಣವಾಗಿದ್ದ ಹಳೆಯ ರೇಖೆ ಎಲ್ಲಿಯೂ ಉಳಿದಿರುವುದಿಲ್ಲ. ಆದ್ದರಿಂದ ವಿನ್ಯಾಸದ ಪ್ರತಿ ಮುಖ್ಯ ಹಂತದಲ್ಲಿಯೂ ಬಳಸಿದ ಪದರಗಳನ್ನು ಪದರಗಳನ್ನು ಒಂದೇ ಕಡತದಲ್ಲಿ ಇಡುವ ಜಿಯೋಪ್ಯಾಕೇಜ್ ರೂಪದಲ್ಲಿ ರಫ್ತು ಮಾಡಿ, ದಿನಾಂಕ, ಸೇವೆಯ ವಿಳಾಸ, ಹಾಕಿದ ಸೋಸುವಿಕೆ, ಇಪಿಎಸ್‌ಜಿ ಸಂಖ್ಯೆಗಳನ್ನು ಜೊತೆಯಲ್ಲಿ ಬರೆದಿಡಬೇಕು. ಬದಲಾವಣೆಯನ್ನು ಗಮನಿಸಲು ನೇರ ಪದರ, ಗೆರೆ ಎಳೆಯಲು ದಿನಾಂಕ ಹಾಕಿದ ಪ್ರತಿ, ಎರಡೂ ಒಂದೇ ಡ್ರಾಯಿಂಗಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ಇದ್ದರೆ ಅವು ಬೇರೆಯಾದ ದಿನವೇ ಕಣ್ಣಿಗೆ ಬೀಳುತ್ತದೆ.

ಜೋಡಣೆ ಕೈಕೊಟ್ಟಾಗ

ತನ್ನಲ್ಲಿ ಏನೇನಿದೆ ಎಂದು ಸರ್ವರನ್ನು ಕೇಳುವ ಗೆಟ್‌ಕೆಪಬಿಲಿಟೀಸ್ ಕೋರಿಕೆಯನ್ನು ಬ್ರೌಸರಿನಲ್ಲಿ ತೆರೆದು ನೋಡಬೇಕು. ಎಕ್ಸ್‌ಎಂಎಲ್ ಬಂದರೆ ಸರ್ವರ್ ಸರಿಯಿದೆ, ದೋಷ ತಂತ್ರಾಂಶದ ಪ್ರಾಕ್ಸಿ ಹೊಂದಾಣಿಕೆಯಲ್ಲಿಯೋ ಪ್ರಮಾಣಪತ್ರದಲ್ಲಿಯೋ ಇದೆ ಎಂದು ಅರ್ಥ. ಲಾಗಿನ್ ಪುಟ ಬಂದರೆ ದೃಢೀಕರಣದ ವಿಧಾನವನ್ನು ಬದಲಿಸಬೇಕು. ಎಕ್ಸ್‌ಎಂಎಲ್ ಬಂದೂ ಚಿತ್ರ ಬಾರದಿದ್ದರೆ, ಪದರಕ್ಕೆ ನಿಗದಿಯಾಗಿರುವ ಗರಿಷ್ಠ ಮತ್ತು ಕನಿಷ್ಠ ಪ್ರಮಾಣಗಳನ್ನು ಅದೇ ದಾಖಲೆಯಲ್ಲಿ ಓದಿ, ನಕ್ಷೆಯನ್ನು ಹತ್ತಿರಕ್ಕೆ ತಂದು ನೋಡಬೇಕು. ನೀವು ಆರಿಸಿದ ನಿರ್ದೇಶಾಂಕ ವ್ಯವಸ್ಥೆಯನ್ನು ಆ ಪದರ ಬೆಂಬಲಿಸುತ್ತದೆಯೇ ಎಂಬುದೂ ಅಲ್ಲಿಯೇ ಬರೆದಿರುತ್ತದೆ.